ಲೇತ್ ಕೆಲಸದಲ್ಲಿ ರನ್‌ಔಟ್: ದೋಷ ಹುಟ್ಟುವುದೆಲ್ಲಿ?

ಯಶವಂತಪುರ, ಪೀಣ್ಯ, ಯಲಹಂಕ ಭಾಗಗಳ ಸಣ್ಣ ಕಾರ್ಖಾನೆಗಳಿಗೆ ಬುಷ್, ಶಾಫ್ಟ್, ಪುಲ್ಲಿಗಳ ತಯಾರಿಕೆ ಹೊಸತಲ್ಲ. ಎಚ್.ಎಂ.ಟಿ.ಯು 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಜಾಲಹಳ್ಳಿಯಲ್ಲಿ ನೆಲೆಯೂರಿದಂದಿನಿಂದ ಈ ಸೀಮೆಯಲ್ಲಿ ಲೇತ್ ವಿದ್ಯೆ ಬೆಳೆದುಬಂದಿದೆ. ಆದರೂ ವ್ಯಾಸ, ಉದ್ದ, ಮೈನುಣುಪು ಎಲ್ಲವೂ ಸರಿಯಿರುವ ಮಾಲು ‘ರನ್‌ಔಟ್ ಹೆಚ್ಚು’ ಎಂಬ ಕಾರಣದಿಂದ ಹಿಂದಿರುಗುವುದುಂಟು. ಕಚ್ಚಾ ಮಾಲು, ಕೂಲಿ, ಸಾಗಣೆ ಮೂರೂ ಆಗ ತಯಾರಕನ ತಲೆಯ ಮೇಲೆಯೇ.

ಭಾಗವೊಂದನ್ನು ಅದರ ಆಧಾರ ಅಕ್ಷದ ಸುತ್ತ ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಡಯಲ್ ಗೇಜಿನ ಮುಳ್ಳು ತೋರುವ ಗರಿಷ್ಠ ಮತ್ತು ಕನಿಷ್ಠಗಳ ನಡುವಣ ಅಂತರವೇ ರನ್‌ಔಟ್. ಕೇಂದ್ರವು 0.03 ಮಿ.ಮೀ. ಸರಿದಿದ್ದರೆ ಮುಳ್ಳು 0.06 ಮಿ.ಮೀ. ತೋರುತ್ತದೆ. ಈ ಇಮ್ಮಡಿಯನ್ನು ಮರೆತು ಗ್ರಾಹಕನೊಡನೆ ವಾದಕ್ಕಿಳಿಯಬಾರದು. ನಕ್ಷೆಯಲ್ಲಿ ಒಂಟಿ ಬಾಣವಿದ್ದರೆ ಒಂದೊಂದು ಅಡ್ಡಛೇದದಲ್ಲಿಯೂ ಬೇರೆಬೇರೆಯಾಗಿ ನೋಡಿದರೆ ಸಾಕು. ಜೋಡಿ ಬಾಣವಿದ್ದರೆ ಮೇಲ್ಮೈಯ ಪೂರ್ತಿ ಉದ್ದಕ್ಕೂ ಒಂದೇ ಮಿತಿ ಅನ್ವಯಿಸುತ್ತದೆ.

ವಿದೇಶಗಳಲ್ಲಿ ಗುರಿಸ್ಪರ್ಧೆಗಾಗಿ ತಮ್ಮ ರೈಫಲಿನ ತೋಟಾಗಳನ್ನು ತಾವೇ ತುಂಬಿಕೊಳ್ಳುವವರಿಗೂ ಇದೇ ತಲೆನೋವು. ಅವರು ಸಿದ್ಧ ತೋಟಾವನ್ನಷ್ಟೇ ಅಳೆದು ಸುಮ್ಮನಾಗುವುದಿಲ್ಲ. ಕೋಶದ ಕತ್ತನ್ನು ಅಳತೆಗೆ ತಂದ ಮೇಲೊಮ್ಮೆ, ಗುಂಡನ್ನು ಕೂರಿಸಿದ ಮೇಲೊಮ್ಮೆ ಡಯಲ್ ಹಿಡಿಯುತ್ತಾರೆ. ದೋಷವು ಯಾವ ಹಂತದಲ್ಲಿ ಸೇರಿತೆಂಬುದು ಆಗ ತಾನಾಗಿ ಗೊತ್ತಾಗುತ್ತದೆ. ನಮ್ಮ ಅನೇಕ ಕಾರ್ಖಾನೆಗಳಲ್ಲಿ ಕೊರತೆಯಿರುವುದು ಯಂತ್ರಕ್ಕಲ್ಲ, ಈ ಅಭ್ಯಾಸಕ್ಕೆ.

ಲೇತಿನಲ್ಲಿ ರನ್‌ಔಟ್ ಸೇರುವುದು ಬಹುಪಾಲು ಭಾಗವನ್ನು ಬಿಚ್ಚಿ ಮತ್ತೆ ಹಿಡಿಯುವಾಗ. ಒಂದು ಬುಷ್‌ನ ಹೊರಮೈಯನ್ನು ಮೊದಲು ತಿರುವಿ, ಬಿಚ್ಚಿ, ತಿರುಗಿಸಿ ಹಿಡಿದು ರಂಧ್ರ ಕೊರೆದರೆಂದುಕೊಳ್ಳೋಣ. ಬಳಸಿ ಸವೆದ ಮೂರು ದವಡೆಯ ಚಕ್ ಹೀಗೆ ಮರುಹಿಡಿತದಲ್ಲಿ 0.05ರಿಂದ 0.10 ಮಿ.ಮೀ. ತಪ್ಪುವುದು ಅಸಾಮಾನ್ಯವಲ್ಲ. ನಕ್ಷೆ 0.03 ಕೇಳಿದ್ದರೆ, ಮುಂದೆ ಎಷ್ಟು ಸೂಕ್ಷ್ಮವಾಗಿ ಕೊರೆದರೂ ಮಾಲು ಆಗಲೇ ಕೆಟ್ಟಿದೆ. ಆದುದರಿಂದ ಒಂದಕ್ಕೊಂದು ಸಂಬಂಧವಿರುವ ಮೇಲ್ಮೈಗಳನ್ನು ಒಂದೇ ಹಿಡಿತದಲ್ಲಿ ಮುಗಿಸಿ, ಅನಂತರವೇ ತುಂಡರಿಸತಕ್ಕದ್ದು. ಖರ್ಚಿಲ್ಲದ ಪರಿಹಾರವಿದು, ಕೆಲಸದ ಕ್ರಮವನ್ನು ಬದಲಿಸಿದರಾಯಿತು.

ಹಾಗೆ ಮಾಡಲಾಗದ ಆಕಾರಗಳಿಗೆ ಮೃದು ದವಡೆಗಳು ಉತ್ತಮ. ಅವನ್ನು ಅದೇ ಲೇತಿನಲ್ಲಿ, ಕೆಲಸದ ವೇಳೆಯಷ್ಟೇ ಬಿಗಿತದಲ್ಲಿ, ಭಾಗದ ವ್ಯಾಸಕ್ಕೆ ಕೊರೆದುಕೊಳ್ಳಬೇಕು. ದವಡೆಗಳನ್ನು ಬಿಚ್ಚಿ ಪುನಃ ಜೋಡಿಸಿದರೆ ಮತ್ತೆ ಕೊರೆಯುವುದು ಅನಿವಾರ್ಯ. ಕೆಲವರು ಈ ಹತ್ತು ನಿಮಿಷವನ್ನು ಉಳಿಸಲು ಹೋಗಿ ಇಡೀ ಲಾಟನ್ನೇ ಕಳೆದುಕೊಳ್ಳುತ್ತಾರೆ. ರಂಧ್ರ ಮೊದಲೇ ಸಿದ್ಧವಿದ್ದರೆ ಅಲ್ಪ ಓರೆಯ ಮ್ಯಾಂಡ್ರೆಲ್‌ಗೆ ಏರಿಸಿ ಸೆಂಟರುಗಳ ನಡುವೆ ಹೊರಮೈ ತಿರುವಬಹುದು. ಶಾಖ ಸಂಸ್ಕಾರ ಪಡೆದು ಬಂದ ಶಾಫ್ಟಿನ ಸೆಂಟರ್ ರಂಧ್ರಗಳನ್ನು ಶುಚಿಮಾಡಿ ತಿದ್ದದೆ ಗ್ರೈಂಡಿಂಗಿಗೆ ಕೂರಿಸಲೇಬಾರದು. ಚಿಪ್ಪೆದ್ದ ರಂಧ್ರದಲ್ಲಿ ಅಕ್ಷ ನಿಲ್ಲುವುದಾದರೂ ಎಲ್ಲಿ?

ಅಳೆಯುವ ವಿಧಾನದಲ್ಲೂ ಜಗಳಕ್ಕೆ ಎಡೆಯಿದೆ. ತಯಾರಕನು ವಿ-ಬ್ಲಾಕಿನ ಮೇಲೆ ಹೊರಮೈಯನ್ನಿಟ್ಟು ನೋಡುತ್ತಾನೆ. ಗ್ರಾಹಕನು ರಂಧ್ರವನ್ನು ಆಧಾರವಾಗಿಸಿಕೊಂಡು ಮ್ಯಾಂಡ್ರೆಲ್ ಮೇಲೆ ನೋಡುತ್ತಾನೆ. ಮೂರು ದವಡೆಗಳ ಬಿಗಿತದಿಂದ ತೆಳು ಬುಷ್ ಮುಮ್ಮೂಲೆಯಾಗಿದ್ದರಂತೂ ಮೈಕ್ರೋಮೀಟರು ವ್ಯಾಸ ಸರಿಯೆನ್ನುತ್ತದೆ, ವಿ-ಬ್ಲಾಕು ತಪ್ಪೆನ್ನುತ್ತದೆ. ಆಧಾರ ಯಾವುದೆಂಬುದನ್ನು ನಕ್ಷೆಯ ಚೌಕದಲ್ಲಿನ ಅಕ್ಷರವೇ ಹೇಳುತ್ತದೆ. ಅಕ್ಷರವಿಲ್ಲದ ನಕ್ಷೆ ಬಂದರೆ ದರ ನಮೂದಿಸುವ ಮೊದಲೇ ಪತ್ರ ಬರೆದು ಕೇಳಿ, ಉತ್ತರವನ್ನು ಆರ್ಡರಿನೊಡನೆ ಲಗತ್ತಿಸಿಡಬೇಕು. ಡಯಲ್ ಗೇಜಿನ ಮೇಲೆಯೇ ಸಂಶಯವಿದ್ದವರಿಗೆ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಹತ್ತಿರದಲ್ಲಿಯೇ ಇದೆ. 1962ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಮಾಪನೋಪಕರಣಗಳ ಪರೀಕ್ಷೆಗೆ ಪ್ರಯೋಗಶಾಲೆಯುಂಟು.