ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್: ಯಾವ ಸಾಮಗ್ರಿ, ಯಾಕೆ?

ಪ್ರಶ್ನೆ: ತಾಮ್ರದ ಬೋರ್ಡ್ ತರಲು ಕೊಲ್ಹಾಪುರಕ್ಕೆ ಹೋಗಿದ್ದೆ. ಅಂಗಡಿಯವರು ಎರಡು ಬಗೆ ತೋರಿಸಿದರು. ಕಂದು ಬಣ್ಣದ್ದು ಅಗ್ಗ, ತಿಳಿ ಹಸಿರಿನದು ತುಟ್ಟಿ. ಅಗ್ಗದ್ದು ತಂದು ಕೆಟ್ಟರೆ ಅಪ್ಪನ ದುಡ್ಡು ಹಾಳಾಗುತ್ತದೆಂಬ ಭಯ. ಯಾವುದನ್ನು ತರಲಿ?
— ಐಟಿಐ ವಿದ್ಯಾರ್ಥಿ, ಕೊಗನೊಳ್ಳಿ

ಉತ್ತರ: ಅಗ್ಗದ್ದು ಎಂದರೆ ಕಳಪೆಯೇ ಇರಬೇಕೆಂಬ ನಿಮ್ಮ ಅಳುಕು ಸಹಜ. ಆದರೆ ಕಲಿಯುವ ಕೈಗೆ ಕಂದು ಬೋರ್ಡೇ ಅನುಕೂಲ. ಧೈರ್ಯವಾಗಿ ತನ್ನಿ.

ಕಂದು ಬೋರ್ಡು ಎಫ್‌ಆರ್-2 (ರಾಳದಲ್ಲಿ ಅದ್ದಿ ಒತ್ತಿದ ಕಾಗದದ ಹಲಗೆ). ಅದನ್ನು ಕೊಯ್ಯುವುದು, ತೂತು ಕೊರೆಯುವುದು ಸುಲಭ, ಸಾಮಾನ್ಯ ಡ್ರಿಲ್ ಬಿಟ್ ಸಾಕು. ತಿಳಿ ಹಸಿರಿನದು ಎಫ್‌ಆರ್-4 (ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಸೇರಿಸಿ ಮಾಡಿದ್ದು). ಇದು ಗಟ್ಟಿ, ತೇವ ಹೀರುವುದು ಬಹಳ ಕಡಿಮೆ. ಆದರೆ ಗಾಜು ಬಿಟ್‌ನ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಮಾಸ್ಕ್ ಹಾಕಿ, ಜಾಗವನ್ನು ಒದ್ದೆ ಮಾಡಿ ಕೊರೆಯಬೇಕು.

ಬೋರ್ಡು ಕೊನೆಗೆ ಎಲ್ಲಿ ಕೂರುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಮೇಜಿನ ಮೇಲೆ 9 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಎಲ್‌ಇಡಿ ಮಿನುಗುದೀಪಕ್ಕೆ ಕಂದು ಬೋರ್ಡು ಸಾಕು. ಹೊಲದ ಪಂಪ್‌ಮನೆಯಲ್ಲಿ ಮಳೆಗಾಲ ಕಳೆಯಬೇಕಾದರೆ ಎಫ್‌ಆರ್-4 ಬೇಕು. ಎರಡರಲ್ಲೂ 1.6 ಮಿ.ಮೀ. ದಪ್ಪ, 35 ಮೈಕ್ರಾನ್ ತಾಮ್ರ ಕೇಳಿ ತನ್ನಿ. (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಕಂದು ಬೋರ್ಡಿನ ಮೇಲೆ ಕಾಯ್ದ ಸೋಲ್ಡರಿಂಗ್ ಕಡ್ಡಿಯನ್ನು ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ತಾಮ್ರ ಏಳುತ್ತದೆ.

ಪ್ರಶ್ನೆ: ಶಾಲೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ನಕ್ಷೆ ತೆಗೆದು ಇಸ್ತ್ರಿ ಹಾಕಿದೆವು. ಬೋರ್ಡಿಗೆ ಏನೂ ಅಂಟಲಿಲ್ಲ. ಮಕ್ಕಳ ಮುಖ ಸಪ್ಪಗಾಯಿತು. ಕಾಗದದ ತಪ್ಪೋ, ಬೋರ್ಡಿನದೋ?
— ವಿಜ್ಞಾನ ಶಿಕ್ಷಕಿ, ರಾಯಬಾಗ

ಉತ್ತರ: ಮಕ್ಕಳಿಗೆ ಹೇಳಿ, ಅವರ ಕೈಯಿಂದ ಏನೂ ತಪ್ಪಾಗಿಲ್ಲ. ಇಂಕ್‌ಜೆಟ್‌ನ ಶಾಯಿ ನೀರಿನಂಥದು, ಕಾಗದ ಅದನ್ನು ಹೀರಿಬಿಡುತ್ತದೆ. ನಮಗೆ ಬೇಕಾದದ್ದು ಟೋನರ್ (ಕಾವಿಗೆ ಕರಗುವ ಪ್ಲಾಸ್ಟಿಕ್ ಪುಡಿ). ಅದಿರುವುದು ಲೇಸರ್ ಪ್ರಿಂಟರ್ ಮತ್ತು ಝೆರಾಕ್ಸ್ ಯಂತ್ರಗಳಲ್ಲಿ. ಊರಿನ ಝೆರಾಕ್ಸ್ ಅಂಗಡಿಯಲ್ಲೇ ಕೆಲಸವಾಗುತ್ತದೆ. ಟೋನರ್ ಟ್ರಾನ್ಸ್‌ಫರ್ ಕಾಗದ ಸಿಗದಿದ್ದರೆ ಪತ್ರಿಕೆಯ ನುಣುಪು ಹಾಳೆ ನಡೆಯುತ್ತದೆ. ಪ್ಲಾಸ್ಟಿಕ್ ಲೇಪದ ಹಾಳೆ ಬೇಡ, ಅದು ಯಂತ್ರದೊಳಗೇ ಕರಗಿ ಅಂಟಬಹುದು. ಬಿಡಿಭಾಗ ಕೂರುವ ಮೇಲ್ಬದಿಯಿಂದ ನೋಡಿದಂತೆ ಬರೆದ ನಕ್ಷೆಯನ್ನು ಹಾಗೇ ಅಚ್ಚು ಹಾಕಿಸಿ, ಅಕ್ಷರಗಳು ತಾಮ್ರದ ಮೇಲೆ ಸರಿಯಾಗಿ ಓದಿಸಬೇಕಿದ್ದರೆ ಅವನ್ನು ಮಾತ್ರ ಕನ್ನಡಿಬಿಂಬದಲ್ಲಿ ಬರೆಯಿರಿ.

ಅರ್ಧ ಕೆಲಸ ಇರುವುದು ತಾಮ್ರ ತೊಳೆಯುವುದರಲ್ಲಿ. ಪಾತ್ರೆ ಸೋಪು ಹಚ್ಚಿ ಸ್ಕ್ರಬ್ಬರಿನಿಂದ ಉಜ್ಜಿ, ನಳದ ಕೆಳಗೆ ಹಿಡಿಯಿರಿ. ನೀರು ಹನಿಹನಿಯಾಗಿ ಒಡೆದು ನಿಂತರೆ ಇನ್ನೂ ಜಿಡ್ಡಿದೆ. ತೆಳ್ಳನೆಯ ಪೊರೆಯಂತೆ ಇಡೀ ತಾಮ್ರದ ಮೇಲೆ ಹರಡಿದರೆ ಬೋರ್ಡು ಸಿದ್ಧ. ಆಮೇಲೆ ಬೆರಳು ತಾಗಿಸದೆ ಅಂಚು ಹಿಡಿದು ಒರೆಸಿ. ಕಾಗದದ ಅಚ್ಚಾದ ಬದಿಯನ್ನು ತಾಮ್ರದ ಮೇಲಿಟ್ಟು, ಹಬೆ ಬಿಡದ, ಚೆನ್ನಾಗಿ ಕಾಯ್ದ ಇಸ್ತ್ರಿಯನ್ನು ಮೂರು-ನಾಲ್ಕು ನಿಮಿಷ ಒತ್ತಿ. ಬೋರ್ಡು ತಣಿದ ಮೇಲೆ ನೀರಲ್ಲಿ ನೆನೆಸಿ ಕಾಗದ ಬಿಡಿಸಿ. ಗೆರೆ ತುಂಡಾದಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಿ.

ಪ್ರಶ್ನೆ: ಸೋಲ್ಡರ್ ತಂತಿಯಲ್ಲಿ ಸೀಸ ಇರುತ್ತದಂತೆ. ಒಂದೇ ಕೋಣೆಯಲ್ಲಿ ಮಗುವೂ ಮಲಗುತ್ತದೆ. ಆ ಹೊಗೆ ವಿಷವೇ?
— ಮೊಬೈಲ್ ರಿಪೇರಿ ಕಲಿಯುತ್ತಿರುವವರು, ಕಾಗವಾಡ

ಉತ್ತರ: ಮಗುವಿನ ಬಗ್ಗೆ ನಿಮ್ಮ ಆತಂಕಕ್ಕೆ ಕಾರಣವಿದೆ. 60/40 ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ. ಅದು 183ರಿಂದ 190 ಡಿಗ್ರಿಯೊಳಗೆ ಕರಗುತ್ತದೆ, ಆ ಕಾವಿಗೆ ಸೀಸ ಆವಿಯಾಗುವುದಿಲ್ಲ. ಕಾಣುವ ಹೊಗೆ ಫ್ಲಕ್ಸ್‌ನದು (ಬೆಸುಗೆ ಹಿಡಿಯಲು ತಂತಿಯೊಳಗೆ ತುಂಬಿದ ರಾಳ). ಅದೂ ಗಂಟಲು ಕೆರೆಸುತ್ತದೆ, ದಮ್ಮು ಇರುವವರಿಗೆ ತೊಂದರೆ ಕೊಡುತ್ತದೆ.

ಸೀಸ ದೇಹ ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ಮಗು ಮಲಗುವ ಕೋಣೆ ಬಿಟ್ಟು ಕಿಟಕಿ ಇರುವ ಕಡೆ ಕೂತು ಕೆಲಸ ಮಾಡಿ. ತಂತಿಯನ್ನು ಬಾಯಲ್ಲಿ ಕಚ್ಚಬೇಡಿ. ಕೆಲಸ ಮುಗಿಸಿ ಎದ್ದಾಗ ಸೋಪಿನಿಂದ ಕೈ ತೊಳೆದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೇರೆ ಜಾಗವೇ ಇಲ್ಲದಿದ್ದರೆ ಸೀಸವಿಲ್ಲದ ತಂತಿ ಕೊಳ್ಳಿ. ಅದು ಕರಗಲು ಸುಮಾರು 220 ಡಿಗ್ರಿ ಬೇಕು, ಸ್ವಲ್ಪ ಅಭ್ಯಾಸವೂ ಬೇಕು.

ಪ್ರಶ್ನೆ: ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಿಸುವ ಬೋರ್ಡು ನಾನೇ ಮಾಡಿದ್ದೆ. ಮೊದಲ ಮಳೆಗೇ ರಿಲೇ ಪಕ್ಕ ಸುಟ್ಟು ಕಪ್ಪಾಯಿತು. ಮತ್ತೆ ಮಾಡಲು ಕೈ ನಡುಗುತ್ತದೆ.
— ಕಬ್ಬು ಬೆಳೆಗಾರ, ಅಥಣಿ

ಉತ್ತರ: ಕರೆಂಟಿನ ಭಯ ಇರಲೇಬೇಕು, ಅದು ನಿಮ್ಮನ್ನು ಕಾಯುತ್ತದೆ. ನೀವು ಬಳಸಿದ್ದು ಕಂದು ಬೋರ್ಡಾಗಿದ್ದರೆ, ಅದು ತೇವ ಹೀರಿ ಹತ್ತಿರದ ಗೆರೆಗಳ ನಡುವೆ ವಿದ್ಯುತ್ ಸೋರಿರುವ ಸಾಧ್ಯತೆ ಹೆಚ್ಚು.

ಈ ಸಲ ಎಫ್‌ಆರ್-4 ತನ್ನಿ. 230 ವೋಲ್ಟಿನ ಗೆರೆಗೂ ಸಣ್ಣ ವೋಲ್ಟಿನ ಗೆರೆಗೂ ನಡುವೆ 8 ಮಿ.ಮೀ. ಖಾಲಿ ಬಿಡಿ. 35 ಮೈಕ್ರಾನ್ ತಾಮ್ರದಲ್ಲಿ 1 ಮಿ.ಮೀ. ಅಗಲದ ಗೆರೆ ಸುಮಾರು 2 ಆಂಪಿಯರ್ ತಡೆಯುತ್ತದೆ. ಆದ್ದರಿಂದ ಮೋಟರಿನ ಕರೆಂಟನ್ನು ಬೋರ್ಡಿನ ಮೇಲೆ ಹರಿಸಲೇಬೇಡಿ, ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಸ್ಟಾರ್ಟರ್‌ನ ಕಾಯಿಲ್ ಅನ್ನು ಮಾತ್ರ ನಡೆಸಲಿ. ಮೂರು ಫೇಸ್ ಸ್ಟಾರ್ಟರ್‌ಗಳ ಕಾಯಿಲ್ ಬಹಳ ಕಡೆ 415 ವೋಲ್ಟಿನದು. ಹಾಗಿದ್ದರೆ 8 ಮಿ.ಮೀ. ಸಾಲದು, ಆ ರಿಲೇಯನ್ನು ಬೋರ್ಡಿನಿಂದ ಹೊರಗೇ ಕೂರಿಸಿ. ಫ್ಯೂಸ್ ಹಾಕಿ, ಬೆಸುಗೆ ಬದಿಗೆ ಬೋರ್ಡಿಗೆಂದೇ ಬರುವ ವಾರ್ನಿಷ್ ಬಳಿದು, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ಸ್ಟಾರ್ಟರ್‌ಗೆ ಜೋಡಿಸುವ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್‌ಗೆ ಬಿಡಿ.

ಪ್ರಶ್ನೆ: ಮಗ ಬೋರ್ಡು ಮಾಡಲು ಕಂದು ಬಣ್ಣದ ನೀರು ಕಲಸುತ್ತಾನೆ. ಆಸಿಡ್ ಇರಬಹುದೆಂದು ಹೆದರಿಕೆ. ಮೊನ್ನೆ ಅದನ್ನು ಬಚ್ಚಲಿಗೆ ಸುರಿಯಲು ಹೊರಟಿದ್ದ, ತಡೆದೆ. ಸರಿ ಮಾಡಿದೆನೇ?
— ಒಬ್ಬ ತಾಯಿ, ಕೊಗನೊಳ್ಳಿ

ಉತ್ತರ: ಬಹಳ ಸರಿ ಮಾಡಿದಿರಿ, ತಾಯಿ. ಅದು ಫೆರಿಕ್ ಕ್ಲೋರೈಡ್ (ತಾಮ್ರವನ್ನು ಕರಗಿಸುವ ಕಬ್ಬಿಣದ ಲವಣ). ಬ್ಯಾಟರಿ ಆಸಿಡ್‌ನಷ್ಟು ಉಗ್ರವಲ್ಲ, ಮನೆಯಲ್ಲಿ ಬಳಸುವವರಿಗೆ ಇದೇ ತಕ್ಕದ್ದು. ಉಪ್ಪಿನ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ದಾರಿ ಮಾತ್ರ ಬೇಡ, ಅದರಿಂದ ಕ್ಲೋರಿನ್ ಅನಿಲ ಏಳಬಹುದು.

ಫೆರಿಕ್ ಕ್ಲೋರೈಡ್ ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ಆಗ ನೀರು ಬಿಸಿಯಾಗುತ್ತದೆ. ಪ್ಲಾಸ್ಟಿಕ್ ತಟ್ಟೆಯೇ ಆಗಬೇಕು. ಸ್ಟೀಲ್, ಅಲ್ಯೂಮಿನಿಯಂ ಎರಡನ್ನೂ ಅದು ತಿನ್ನುತ್ತದೆ. ಕೈಗವಸು, ಕನ್ನಡಕ ಇರಲಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಕಿ ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ, ಮಕ್ಕಳು ಕುಡಿದುಬಿಟ್ಟಾರು.

ಬಳಸಿದ ದ್ರಾವಣದಲ್ಲಿ ತಾಮ್ರ ಸೇರಿರುತ್ತದೆ, ಮೀನಿಗೆ ಅದು ಸ್ವಲ್ಪವಿದ್ದರೂ ವಿಷ. ನಿಮ್ಮೂರ ಪಕ್ಕದ ದೂಧಗಂಗಾ ಮುಂದೆ ಕೃಷ್ಣೆಯನ್ನು ಸೇರುತ್ತಾಳೆ. ಆದ್ದರಿಂದ ಬಚ್ಚಲು, ಬಾವಿಯ ಪಕ್ಕ, ಹೊಲ ಎಲ್ಲಿಯೂ ಸುರಿಯುವಂತಿಲ್ಲ. ಒಂದೇ ದ್ರಾವಣ ಹಲವು ಬೋರ್ಡುಗಳಿಗೆ ಬರುತ್ತದೆ. ಕಡು ಹಸಿರಾಗಿ ಕೆಲಸ ನಿಧಾನವಾದ ಮೇಲೆ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ಬಯಲಿನಲ್ಲಿ ವಾಷಿಂಗ್ ಸೋಡಾ (ಬಟ್ಟೆ ಸೋಡಾ) ಚಮಚ ಚಮಚವಾಗಿ ಬೆರೆಸಿ. ನೊರೆ ಉಕ್ಕುತ್ತದೆ, ಆತುರ ಬೇಡ. ನೊರೆ ಪೂರ್ತಿ ನಿಂತರೆ ತಾಮ್ರ ಗಸಿಯಾಗಿ ತಳಕ್ಕಿಳಿದಿರುತ್ತದೆ. ಮಕ್ಕಳು, ದನಕರು ಮುಟ್ಟದ ಕಡೆ ನೀರು ಆರಲು ಬಿಟ್ಟು, ಉಳಿದ ಗಸಿಯನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದವರು ತೆಗೆದುಕೊಳ್ಳುವುದಾದರೆ ಅವರಿಗೇ ಕೊಡಿ.

ಮಗನ ಕೆಲಸವನ್ನು ನಿಲ್ಲಿಸಬೇಡಿ. ಮುಂದಿನ ಸಲ ದೊಡ್ಡ ಡಬ್ಬಿಯ ಬದಲು ಸಣ್ಣ ಪೊಟ್ಟಣ ತರಲು ಹೇಳಿ, ಜೊತೆಗೆ ಸೋಡಾವನ್ನೂ ತರಿಸಿ. ತಾಮ್ರ ಕರಗಿಸುವ ಪುಡಿ ತರುವ ದಿನವೇ ಅದನ್ನು ಶಮನ ಮಾಡುವ ಪುಡಿಯೂ ಮನೆಯಲ್ಲಿದ್ದರೆ, ಬಚ್ಚಲಿಗೆ ಸುರಿಯುವ ಪ್ರಸಂಗವೇ ಬರುವುದಿಲ್ಲ.