ಊರಿಗೆ ಯೋಜನೆ ಬಂದಾಗ ಲೆಕ್ಕ ಹಾಕುವ ಬಗೆ



ಹಾಲಿನ ಲೆಕ್ಕವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಲೀಟರ್, ಜಿಡ್ಡಿನಾಂಶ ಎಷ್ಟು, ಬಟವಾಡೆ ಎಷ್ಟು ಎಂಬುದೆಲ್ಲ ಪಾಸ್ ಪುಸ್ತಕದಲ್ಲಿದೆ. ಆದರೆ ಊರ ಪಕ್ಕದಲ್ಲಿ ಕೈಗಾರಿಕಾ ಪ್ರದೇಶವೋ ಬಡಾವಣೆಯೋ ಬರುತ್ತದೆ ಎಂಬ ಸುದ್ದಿ ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಎಕರೆಗೆ ಎಷ್ಟು?" ಉಳಿದ ಪ್ರಶ್ನೆಗಳನ್ನು ಇಲ್ಲಿ ತಿಳಿಯೋಣ.

ಒಂದು ಉದಾಹರಣೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಮುಂದಾಗಿತ್ತು. ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು. ಕೊಡಲು ಒಪ್ಪುವವರೂ ಒಪ್ಪದವರೂ ಒಂದೇ ಊರಿನಲ್ಲಿರುವುದು ಸಹಜ. ಆದ್ದರಿಂದಲೇ ಊರಿನ ಲೆಕ್ಕವನ್ನು ಎಲ್ಲರೂ ಕೂಡಿ ಹಾಕಬೇಕು.

ನಾಲ್ಕು ಲೆಕ್ಕಗಳು

1. ಮನೆಯ ಲೆಕ್ಕ: ಪರಿಹಾರ ಒಂದು ಸಲ ಬರುತ್ತದೆ, ಬಟವಾಡೆ ವರ್ಷವಿಡೀ ಬರುತ್ತದೆ. ದಿನಕ್ಕೆ 10 ಲೀಟರಿನಂತೆ ವರ್ಷಕ್ಕೆ 300 ದಿನ ಹಾಲು ಹಾಕಿದರೆ 3,000 ಲೀಟರ್ ಆಯಿತು. ಇದನ್ನು ನಿಮ್ಮ ಸಂಘದ ದರದಿಂದ ಗುಣಿಸಿ, ಪಶು ಆಹಾರ ಮತ್ತು ಔಷಧಿಯ ಖರ್ಚು ಕಳೆಯಿರಿ. ಪರಿಹಾರದ ಹಣ ಪಹಣಿಯಲ್ಲಿ ಹೆಸರಿರುವವರಿಗೆ ಸೇರುತ್ತದೆ. ಆ ಹೆಸರು ಹೆಚ್ಚಾಗಿ ಗಂಡಸಿನದು. ಹಾಲಿನ ಹಣ ಅನೇಕ ಮನೆಗಳಲ್ಲಿ ಹೆಣ್ಣುಮಗಳ ಕೈಯಲ್ಲಿರುತ್ತದೆ. ಯಾರ ಕೈಯ ಹಣ ನಿಲ್ಲುತ್ತದೆ ಎಂಬುದನ್ನೂ ಬರೆದುಕೊಳ್ಳಿ.

2. ಮೇವು-ನೀರಿನ ಲೆಕ್ಕ: ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿ ಮೇವು ಬೇಕು. ವರ್ಷಕ್ಕೆ ಇದು 9 ಟನ್ನಿಗೂ ಮೀರುತ್ತದೆ. ಹೊಲ ಹೋದ ಮೇಲೆ ಇದನ್ನು ಎಲ್ಲಿಂದ, ಯಾವ ಬೆಲೆಗೆ ತರುವಿರಿ? ಹಳ್ಳ, ಕೆರೆ, ಕೊಳವೆಬಾವಿಗಳ ಗತಿ ಏನು?

3. ಜಮೀನಿಲ್ಲದವರ ಲೆಕ್ಕ: ಗೋಮಾಳ, ಬದು, ಕೆರೆ ಅಂಗಳದ ಹುಲ್ಲು ನಂಬಿ ಒಂದು ಹಸು ಕಟ್ಟಿದವರು ಪ್ರತಿ ಸಂಘದಲ್ಲೂ ಇದ್ದಾರೆ. ಅವರ ಹೆಸರು ಪಹಣಿಯಲ್ಲಿಲ್ಲ, ಸಂಘದ ಪುಸ್ತಕದಲ್ಲಿದೆ. ಜಮೀನು ಮಾರಿದವರು ಹಾಲು ನಿಲ್ಲಿಸಿ ಸಂಘದ ಶೇಖರಣೆ ಇಳಿದರೆ, ಹಾಲಿನ ವಾಹನದ ಮಾರ್ಗ ಉಳಿಯುವುದೂ ಕಷ್ಟವಾಗುತ್ತದೆ. ಆಗ ಮಾರದವರ ಹಾಲಿಗೂ ತೊಂದರೆ.

4. ಲಾಭದ ಲೆಕ್ಕ: ಇದನ್ನೂ ಪ್ರಾಮಾಣಿಕವಾಗಿ ಹಾಕಬೇಕು. ರಸ್ತೆ, ವಿದ್ಯುತ್, ಬಸ್ಸು, ಮಕ್ಕಳಿಗೆ ಕೆಲಸ ಇವೆಲ್ಲ ಬೇಕಾದವೇ. ಆದರೆ ಎಷ್ಟು ಕೆಲಸ, ಯಾವ ವಿದ್ಯಾರ್ಹತೆಗೆ, ಕಾಯಂ ಆಗಿಯೋ ಗುತ್ತಿಗೆಯ ಮೇಲೋ ಎಂದು ಬರಹದಲ್ಲಿ ಕೇಳಿರಿ. ಬಾಯಿಮಾತಿನ ಭರವಸೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕಾನೂನು ಕೊಟ್ಟಿರುವ ಅವಕಾಶ

2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಜಾರಿಗೆ ತಂದಿತು. ಆ ಜಮೀನನ್ನೇ ಮುಖ್ಯ ಜೀವನಾಧಾರವಾಗಿ ನಂಬಿ ಮೂರು ವರ್ಷ ದುಡಿದ ಕೂಲಿಕಾರರು ಮತ್ತು ಗೇಣಿದಾರರನ್ನೂ ಅದು ಬಾಧಿತ ಕುಟುಂಬವೆಂದು ಪರಿಗಣಿಸುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗಾಗಿ ಮಾಡುವ ಸ್ವಾಧೀನವು ರಾಜ್ಯದ 1966ರ ಕಾಯ್ದೆಯಂತೆ ನಡೆಯುತ್ತದೆ. ಅದರ 28(1)ನೇ ಕಲಮಿನ ಪ್ರಾಥಮಿಕ ಅಧಿಸೂಚನೆಯ ನಂತರ ಮಾಲೀಕರಿಗೂ ಅನುಭವದಾರರಿಗೂ ನೋಟೀಸು ಬರುತ್ತದೆ. ನೋಟೀಸು ತಲುಪಿದ ದಿನದಿಂದ 30 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯಲು ಮರೆಯಬೇಡಿ.

ಈಗ ಮಾಡಬೇಕಾದುದು

ಮೂವತ್ತು ದಿನ ಬೇಗ ಕಳೆದುಹೋಗುತ್ತದೆ. ನೋಟೀಸು ಬರುವ ಮೊದಲೇ ಸದಸ್ಯರ ಸಭೆ ಕರೆದು, ಸಂಘದ ಒಂದು ವರ್ಷದ ಶೇಖರಣೆ, ರಾಸುಗಳ ಸಂಖ್ಯೆ, ಜಮೀನಿಲ್ಲದ ಸದಸ್ಯರ ಪಟ್ಟಿ ಸಿದ್ಧಪಡಿಸಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿಸಿ ನಡವಳಿಯಲ್ಲಿ ದಾಖಲಿಸಿರಿ. ಮಹಿಳಾ ಸದಸ್ಯರು ಖುದ್ದಾಗಿ ಬಂದು ಮಾತನಾಡಲಿ.

ಯೋಜನೆ ಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದು. ಆದರೆ ಹಾಲನ್ನು ಅಳೆಯದೆ, ಪರೀಕ್ಷಿಸದೆ ಕ್ಯಾನಿಗೆ ಸುರಿಯದ ನಾವು, ಊರಿನ ಭೂಮಿಯನ್ನು ಅಳೆದು ತೂಗದೆ ಬಿಟ್ಟುಕೊಡುವುದು ಸರಿಯಲ್ಲ.