ಪರದೆಯ ಅಗಲವೂ ತೆರಪಿನ ಅಳತೆಯೂ

ಅಚ್ಚಾದ ಯಾವುದಾದರೊಂದು ಪುಸ್ತಕವನ್ನು ತೆರೆದು ನೋಡಿರಿ. ಅಕ್ಷರಗಳಿರುವ ಭಾಗದಂತೆಯೇ ಅಕ್ಷರಗಳಿಲ್ಲದ ಭಾಗವೂ ಓದಿಗೆ ನೆರವಾಗುತ್ತದೆಂಬುದು ಮನವರಿಕೆಯಾಗುವುದು. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ ಸಾಲುಗಳ ನಡುವೆ ತೆಳುವಾದ ಸೀಸದ ಪಟ್ಟಿಗಳನ್ನಿಡುತ್ತಿದ್ದರು. ಒಂದೊಂದು ಸಾಲಿಗೂ ಹೊಸ ಪಟ್ಟಿಯನ್ನು ಕತ್ತರಿಸುತ್ತಿರಲಿಲ್ಲ. ಗೊತ್ತಾದ ಕೆಲವೇ ದಪ್ಪಗಳ ಪಟ್ಟಿಗಳು ಸಿದ್ಧವಾಗಿರುತ್ತಿದ್ದವು, ತಕ್ಕುದನ್ನು ಆರಿಸಿಕೊಂಡರಾಯಿತು. ಜಾಲಪುಟಗಳನ್ನು ರಚಿಸುವವರು ಇಂದು ಬಳಸುವ ‘ಯುಟಿಲಿಟಿ ಕ್ಲಾಸ್’ಗಳೂ ಇಂಥ ಸಿದ್ಧ ಪಟ್ಟಿಗಳೇ ಸರಿ. ಆದರೆ ಅಚ್ಚಾದ ಕಾಗದದ ಅಗಲ ಬದಲಾಗದು. ಪರದೆಯ ಅಗಲ ಓದುಗನಿಂದ ಓದುಗನಿಗೆ ಬದಲಾಗುತ್ತದೆ. ಇದರಿಂದ ಹುಟ್ಟುವ ತೊಡಕನ್ನೂ ಅದರ ಪರಿಹಾರವನ್ನೂ ಇಲ್ಲಿ ವಿಚಾರ ಮಾಡೋಣ.

ಒಂದು ತಪ್ಪಿನ ಪ್ರಸಂಗ

ನಮ್ಮ ಪ್ರಯೋಗಶಾಲೆಯ ಸೂಚನೆಗಳನ್ನು ನಾನೊಮ್ಮೆ ಜಾಲಪುಟವಾಗಿ ಸಿದ್ಧಪಡಿಸಿದೆ. ಸರಳ ಲೋಲಕದ ಪ್ರಯೋಗಕ್ಕೆ ನಾಲ್ಕು ಕಂಬಸಾಲುಗಳ ಕೋಷ್ಟಕವಿತ್ತು. ಕೊನೆಯದು ಆವರ್ತಕಾಲದ ವರ್ಗ. ನನ್ನ ಮೇಜಿನ ಗಣಕದಲ್ಲಿ ಪುಟವು ಅಂದವಾಗಿಯೇ ಕಾಣುತ್ತಿತ್ತು. ಮರುವಾರ ವಿದ್ಯಾರ್ಥಿಯೊಬ್ಬನು ತಂದ ನಕ್ಷೆಯಲ್ಲಿ ಸರಳರೇಖೆಗೆ ಬದಲಾಗಿ ವಕ್ರರೇಖೆಯಿತ್ತು. ಉದ್ದಕ್ಕೆ ಎದುರಾಗಿ ಆವರ್ತಕಾಲದ ವರ್ಗವನ್ನು ಗುರುತಿಸುವ ಬದಲು ಆವರ್ತಕಾಲವನ್ನೇ ಗುರುತಿಸಿದ್ದನು. ಅಲಕ್ಷ್ಯವೆಂದು ಗದರಿಸಿದೆ. ಅವನು ಮಾತಾಡದೆ ತನ್ನ ಕೈಫೋನನ್ನು ಮುಂದೆ ಹಿಡಿದನು. ಅದರಲ್ಲಿ ಕೊನೆಯ ಕಂಬಸಾಲೇ ಇರಲಿಲ್ಲ. ಪರದೆಯ ಅಂಚಿನಾಚೆ ಮರೆಯಾಗಿತ್ತು. ತಪ್ಪು ಅವನದಲ್ಲ, ನಾನಿಟ್ಟ ತೆರಪಿನದು.

ಲೆಕ್ಕ ಹೀಗಿದೆ. ಪುಟದಲ್ಲಿ ಒಂದರೊಳಗೊಂದು ಎರಡು ಚೌಕಟ್ಟುಗಳು. ಪ್ರತಿಯೊಂದರ ಎಡಬಲಗಳಲ್ಲೂ 48 ಪಿಕ್ಸೆಲ್ ಒಳತೆರಪು. ಒಟ್ಟು ತೆರಪು 48ರ ನಾಲ್ಕರಷ್ಟು, ಅಂದರೆ 192. ಪುಟವು 1200 ಪಿಕ್ಸೆಲ್ ಅಗಲವಿದ್ದ ಗಣಕದಲ್ಲಿ ಇದು ಶೇಕಡಾ 16 ಮಾತ್ರ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದೇ 192 ಎಂಬುದು ಶೇಕಡಾ 53ಕ್ಕೂ ಮಿಕ್ಕಿತು! ಕೋಷ್ಟಕಕ್ಕೆ ಉಳಿದುದು 168 ಪಿಕ್ಸೆಲ್. ಅಳತೆ ಒಂದೇ; ಅನುಪಾತ ಮಾತ್ರ ಬೇರೆ.

ಹೆಸರುಗಳ ಕ್ರಮ

ಈ ತೊಡಕಿಗೆ ‘ಬೂಟ್‌ಸ್ಟ್ರಾಪ್’ ಎಂಬ ಸಾಧನ ಒದಗಿಸುವ ಪರಿಹಾರವನ್ನು ನೋಡೋಣ. ಟ್ವಿಟರ್ ಸಂಸ್ಥೆಯಲ್ಲಿದ್ದ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಎಂಬವರು ಇದನ್ನು ರಚಿಸಿದರು. 2011ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಇದರಲ್ಲಿ ತೆರಪಿನ ಹೆಸರು ರೋಮನ್ ಅಕ್ಷರಗಳ ಒಂದು ಚಿಕ್ಕ ಸೂತ್ರ. ಇಲ್ಲಿ ಉಚ್ಚಾರಣೆಗೆ ಅನುಸಾರವಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲನೆಯ ಅಕ್ಷರವು ತೆರಪಿನ ಜಾತಿಯನ್ನು ಹೇಳುತ್ತದೆ: ‘ಎಂ’ ಎಂದರೆ ಚೌಕಟ್ಟಿನ ಹೊರತೆರಪು, ‘ಪಿ’ ಎಂದರೆ ಒಳತೆರಪು. ಅದರ ಬೆನ್ನಿಗೆ ದಿಕ್ಕನ್ನು ಸೇರಿಸಬಹುದು: ‘ಟಿ’ ಮೇಲ್ಬದಿ, ‘ಬಿ’ ಕೆಳಬದಿ, ‘ಎಕ್ಸ್’ ಎಡಬಲಗಳೆರಡೂ, ‘ವೈ’ ಮೇಲುಕೆಳಗುಗಳೆರಡೂ. ನಿರ್ದೇಶಾಂಕ ಜ್ಯಾಮಿತಿಯನ್ನು ಬಲ್ಲವರಿಗೆ ಕೊನೆಯೆರಡು ಹಳೆಯ ಪರಿಚಯವೇ. ದಿಕ್ಕನ್ನು ಬಿಟ್ಟರೆ ನಾಲ್ಕು ಬದಿಗಳಿಗೂ ಅನ್ವಯಿಸುತ್ತದೆ.

ಕಡೆಯಲ್ಲಿ ಬರುವ ಅಂಕೆಯು ಪ್ರಮಾಣ. 0 ಎಂದರೆ ತೆರಪಿಲ್ಲ. 1, 2, 3, 4, 5 ಎಂಬವು ಕ್ರಮವಾಗಿ 0.25, 0.5, 1, 1.5 ಮತ್ತು 3 ರೆಮ್. ರೆಮ್ ಎಂದರೆ ಪುಟದ ಮೂಲ ಅಕ್ಷರಗಾತ್ರ. ಸಾಮಾನ್ಯವಾಗಿ 16 ಪಿಕ್ಸೆಲ್. ಆದ್ದರಿಂದ ‘ಪಿ-2’ ಎಂದರೆ 8 ಪಿಕ್ಸೆಲ್, ‘ಪಿ-5’ ಎಂದರೆ 48. ದೃಷ್ಟಿ ಮಂದವಾದವರು ಬ್ರೌಸರಿನಲ್ಲಿ ಮೂಲಗಾತ್ರವನ್ನು 20ಕ್ಕೆ ಏರಿಸಿಕೊಂಡರೆ ತೆರಪೂ ಅದೇ ಅನುಪಾತದಲ್ಲಿ ಹಿಗ್ಗುತ್ತದೆ.

ಸೀಮಾಬಿಂದುಗಳು

ಅಗಲಕ್ಕೆ ತಕ್ಕಂತೆ ತೆರಪು ಬದಲಾಗಬೇಕಾದರೆ ನಡುವೆ ಇನ್ನೊಂದು ಗುರುತನ್ನಿಡಬೇಕು. ‘ಎಸ್‌ಎಂ’ 576 ಪಿಕ್ಸೆಲಿನಿಂದ, ‘ಎಂಡಿ’ 768ರಿಂದ, ‘ಎಲ್‌ಜಿ’ 992ರಿಂದ, ‘ಎಕ್ಸ್‌ಎಲ್’ 1200ರಿಂದ ಜಾರಿಗೆ ಬರುತ್ತವೆ. ಗುರುತಿಲ್ಲದ ಹೆಸರು ಸೊನ್ನೆಯಿಂದಲೇ ಜಾರಿಯಲ್ಲಿರುತ್ತದೆ.

ನನ್ನ ಪುಟದ ಎರಡು ಚೌಕಟ್ಟುಗಳಿಗೂ ‘ಪಿ-5’ ಎಂದಿದ್ದುದನ್ನು ತೆಗೆದು ‘ಪಿ-2 ಪಿ-ಎಲ್‌ಜಿ-5’ ಎಂದು ಬರೆದೆ. ಫೋನಿನಲ್ಲಿ ಈಗ ಒಟ್ಟು ತೆರಪು 32 ಪಿಕ್ಸೆಲ್; ಕೋಷ್ಟಕಕ್ಕೆ 328 ದೊರೆಯಿತು. ಕಾಣದಿದ್ದ ಕಂಬಸಾಲು ಕಾಣಿಸಿಕೊಂಡಿತು. ಗಣಕದಲ್ಲಿನ ರೂಪ ಕಿಂಚಿತ್ತೂ ಬದಲಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ‘ಎಂಡಿ’ ಎಂದರೆ ನಡುಗಾತ್ರದ ಪರದೆಗೆ ಮಾತ್ರ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ‘768 ಮತ್ತು ಅದಕ್ಕೆ ಮೇಲ್ಪಟ್ಟು’ ಎಂದೇ ಅರ್ಥ. ಅಗಲಕ್ಕೆ ಎದುರಾಗಿ ತೆರಪಿನ ನಕ್ಷೆಯನ್ನು ಎಳೆದರೆ ಅದು ಮೆಟ್ಟಿಲಿನಾಕಾರದಲ್ಲಿರುತ್ತದೆ: ಮುಂದಿನ ಗುರುತು ಬರುವವರೆಗೂ ಹಿಂದಿನ ಮೆಟ್ಟಿಲೇ ಮುಂದುವರಿಯುತ್ತದೆ. ಹೆಸರುಗಳನ್ನು ಹಿಂದುಮುಂದಾಗಿ ಬರೆದರೂ ಫಲ ಬದಲಾಗದು. ಅವುಗಳ ಪೌರ್ವಾಪರ್ಯವನ್ನು ಶೈಲಿಯ ಕಡತವೇ ನಿರ್ಣಯಿಸಿರುತ್ತದೆ.

ಈ ಪದ್ಧತಿಗೆ ದೋಷವಿಲ್ಲವೆಂದಲ್ಲ. ಒಂದೇ ಬಗೆಯ ನಲವತ್ತು ಚೌಕಟ್ಟುಗಳಿಗೆ ನಲವತ್ತು ಸಲ ಇದೇ ಹೆಸರುಗಳನ್ನು ಬರೆದಿದ್ದರೆ, ತಿದ್ದುವಾಗಲೂ ನಲವತ್ತು ಕಡೆ ತಿದ್ದಬೇಕು. ಅಂಥಲ್ಲಿ ಚೌಕಟ್ಟಿಗೇ ಒಂದು ಸ್ವಂತ ಹೆಸರಿಟ್ಟು ನಿಯಮವನ್ನು ಒಂದೇ ಕಡೆ ಬರೆಯುವುದು ಲೇಸು.

ಅಭ್ಯಾಸಕ್ಕೆ

ಒಂದೇ ಚೌಕಟ್ಟಿಗೆ ‘ಪಿ-3 ಪಿ-ಎಂಡಿ-4’ ಎಂದು ಕೊಟ್ಟಿದೆ. ಚೌಕಟ್ಟಿನ ಅಗಲವು ಪರದೆಯಷ್ಟೇ ಇದ್ದು, ಪರದೆ 360, 768, 1300 ಪಿಕ್ಸೆಲ್ ಇರುವಾಗ ಒಳಗಿನ ಬರವಣಿಗೆಗೆ ಎಷ್ಟೆಷ್ಟು ಅಗಲ ಉಳಿಯುತ್ತದೆ? ಉತ್ತರ: 328, 720, 1252. ಮೂರನೆಯದನ್ನು 1268 ಎಂದು ಬರೆದವರು ಮೆಟ್ಟಿಲಿನ ಮಾತನ್ನು ಇನ್ನೊಮ್ಮೆ ಓದತಕ್ಕದ್ದು.

ಪುಟವೊಂದನ್ನು ರಚಿಸಿದವನು ಅದನ್ನು ತನ್ನ ಪರದೆಯಲ್ಲಿ ನೋಡಿದರಷ್ಟೇ ಸಾಲದು. ಓದುವವನ ಪರದೆಯಲ್ಲಿಯೂ ನೋಡಬೇಕು. ಆ ವಿದ್ಯಾರ್ಥಿ ಮರುದಿನ ಹೊಸ ನಕ್ಷೆಯನ್ನು ತಂದನು. ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲಿದ್ದವು.